10 ಮಿ.ಮೀ. ಸಾಕೆಟ್

ವಾಹನ ಹಾಗೂ ಯಂತ್ರಗಳ ಸಣ್ಣ ನಟ್ಟು-ಬೋಲ್ಟುಗಳನ್ನು ಬಿಚ್ಚಿ ಬಿಗಿಮಾಡುವ ಸಾಧನ. 10 ಎಂಬ ಸಂಖ್ಯೆ ಬೋಲ್ಟಿನ ಷಟ್ಕೋನ ತಲೆಯ ಎದುರುಬದುರು ಮುಖಗಳ ನಡುವಿನ ಅಂತರವನ್ನು ಸೂಚಿಸುತ್ತದೆ, ಬೋಲ್ಟಿನ ಮರೆಯ (ತಿರುಪಿನ) ದಪ್ಪವನ್ನಲ್ಲ. ಐಎಸ್‌ಒ ಮಾನಕದಂತೆ ಈ ತಲೆ 6 ಮಿ.ಮೀ. ದಪ್ಪದ ಎಂ6 ಬೋಲ್ಟಿಗೆ ಸೇರಿದ್ದು.

ಬಳಕೆ: ಹಲವು ಕಾರುಗಳಲ್ಲಿ, ವಿಶೇಷವಾಗಿ ಜಪಾನ್ ಮತ್ತು ಕೊರಿಯಾ ವಿನ್ಯಾಸದವುಗಳಲ್ಲಿ, ಬ್ಯಾಟರಿ ಟರ್ಮಿನಲ್ ಕ್ಲಾಂಪ್, ಏರ್ ಫಿಲ್ಟರ್ ಪೆಟ್ಟಿಗೆ, ಅರ್ತ್ ವೈರ್, ವಾಲ್ವ್ ಕವರ್ ಮತ್ತು ಹೆಡ್‌ಲೈಟ್‌ಗಳ ಬೋಲ್ಟುಗಳಿಗೆ ಇದೇ ಅಳತೆ ಬೇಕು. ಬೈಕುಗಳಲ್ಲಿ ಸೈಡ್ ಪ್ಯಾನೆಲ್, ಬ್ರಾಕೆಟ್‌ಗಳಿಗೂ, ಯಂತ್ರಗಳಲ್ಲಿ ರಕ್ಷಣಾ ಕವಚ ಹಾಗೂ ವಿದ್ಯುತ್ ಪ್ಯಾನೆಲ್‌ಗಳ ಎಂ6 ಬೋಲ್ಟುಗಳಿಗೂ ಬಳಸುತ್ತಾರೆ. ಎಲ್ಲ ಎಂ6 ಬೋಲ್ಟುಗಳ ತಲೆಯೂ ಒಂದೇ ಅಳತೆಯದಲ್ಲ. ಸಣ್ಣ ತಲೆಯ ಫ್ಲ್ಯಾಂಜ್ ಬೋಲ್ಟಿಗೆ 8 ಮಿ.ಮೀ. ಸಾಕೆಟ್ ಬೇಕಾಗುತ್ತದೆ.

ವಿಧಗಳು: ಇಕ್ಕಟ್ಟಿನ ಜಾಗಕ್ಕೆ 1/4 ಇಂಚು, ಸಾಮಾನ್ಯ ಕೆಲಸಕ್ಕೆ 3/8 ಇಂಚಿನ ಡ್ರೈವ್ ಇರುವ ರ‍್ಯಾಚೆಟ್ ಹಿಡಿ ಸೂಕ್ತ. ಹೊರಚಾಚಿದ ಬೋಲ್ಟಿನ ಮೇಲೆ ಕೂತ ನಟ್ಟಿಗೆ ಉದ್ದನೆಯ ಡೀಪ್ ಸಾಕೆಟ್ ಬೇಕು. ತುಕ್ಕು ಹಿಡಿದ ಬೋಲ್ಟಿಗೆ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯ ಸಾಕೆಟ್ ಭದ್ರವಾಗಿ ಕೂರುತ್ತದೆ.

ಎಚ್ಚರಿಕೆ: 8.8 ದರ್ಜೆಯ ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಟಾರ್ಕ್ ಸಾಕು. ಉದ್ದ ಹಿಡಿಯಿಂದ ಬಲ ಹಾಕಿದರೆ ಬೋಲ್ಟು ತುಂಡಾಗಬಹುದು, ಅಲ್ಯೂಮಿನಿಯಂ ಭಾಗದ ಮರೆ ಸವೆಯಬಹುದು. ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಇಲ್ಲದಿದ್ದರೆ ಪಾಸಿಟಿವ್ ಟರ್ಮಿನಲ್ ಮೇಲಿರುವ ಹಿಡಿ ವಾಹನದ ಲೋಹಕ್ಕೆ ತಗುಲಿ ಶಾರ್ಟ್ ಸರ್ಕ್ಯೂಟ್ ಆಗಬಹುದು.