ಅರ್ಧ ಸೆಂಟಿನ ಹಾಡುಗಾರ

ಅಮೆರಿಕದ ದಕ್ಷಿಣದಲ್ಲಿ ಜಾರ್ಜಿಯಾ ಅಂತ ಒಂದು ರಾಜ್ಯ. ಅಲ್ಲಿ ಮೇಕನ್ ಅಂತ ಒಂದು ಊರು. 1950ರ ದಶಕದ ಮೊದಲ ವರ್ಷಗಳಲ್ಲಿ ಆ ಊರಿನ ಗ್ರೇಹೌಂಡ್ ಬಸ್ ನಿಲ್ದಾಣದ ಅಡುಗೆಮನೆಯಲ್ಲಿ ಒಬ್ಬ ಕಪ್ಪು ಹುಡುಗ ಪಾತ್ರೆ ತೊಳೆಯುತ್ತಿದ್ದ. ಉಂಡೆದ್ದವರ ಎಂಜಲು ತಟ್ಟೆಗಳು ರಾಶಿ ರಾಶಿಯಾಗಿ ಅವನ ಮುಂದೆ ಬಂದು ಬೀಳುತ್ತಿದ್ದವು. ಯಜಮಾನನಿಗೆ ಎದುರು ಮಾತಾಡುವ ಹಾಗಿರಲಿಲ್ಲ. ಬೈಯಬೇಕು ಅನ್ನಿಸಿದಾಗಲೆಲ್ಲ ಆ ಹುಡುಗ ಅರ್ಥವಿಲ್ಲದ ಅಕ್ಷರಗಳನ್ನು ಒಂದಕ್ಕೊಂದು ಪೋಣಿಸಿ, ನಗಾರಿಯ ಪೆಟ್ಟನ್ನು ಬಾಯಲ್ಲೇ ಹೇಳುವ ಹಾಗೆ ಜೋರಾಗಿ ಕೂಗಿಬಿಡುತ್ತಿದ್ದನಂತೆ. ಬೈದ ಹಾಗೂ ಆಯಿತು, ಕೆಲಸ ಉಳಿದ ಹಾಗೂ ಆಯಿತು. ತನ್ನ ಹೆಸರಾಂತ ಹಾಡುಗಳಲ್ಲಿ ಕೆಲವು ಆ ಅಡುಗೆಮನೆಯಲ್ಲೇ ಹುಟ್ಟಿದವು ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ.

ಅವನ ಹೆಸರು ರಿಚರ್ಡ್ ವೇಯ್ನ್ ಪೆನಿಮನ್. ಜಗತ್ತು ಕರೆದದ್ದು ಲಿಟ್ಲ್ ರಿಚರ್ಡ್ ಎಂದು.

ಅಮೆರಿಕದ ಕಪ್ಪು ಜನರ ಬಗ್ಗೆ ನಾವು ಗೆಳೆಯರು ಅಷ್ಟಿಷ್ಟು ಓದಿಕೊಂಡಿದ್ದೇವೆ. ಬಾಬಾಸಾಹೇಬರು 1946ರಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದದ್ದು ಗೊತ್ತು. 1972ರಲ್ಲಿ ಮುಂಬಯಿಯ ದಲಿತ ಯುವಕರು ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದದ್ದು ಗೊತ್ತು. ಅವರ ಭಾಷಣ, ಅವರ ಕವಿತೆ ಗೊತ್ತು. ಆದರೆ ಅವರ ಹಾಡುಗಳ ಲೆಕ್ಕದ ಪುಸ್ತಕ ಯಾರ ಪೆಟ್ಟಿಗೆಯಲ್ಲಿತ್ತು ಎಂದು ನಾವು ಕೇಳಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ರಾಕ್ ಅಂಡ್ ರೋಲ್ ಅಂದರೆ ಗಿಟಾರು ಹಿಡಿದ ಬಿಳಿ ಹುಡುಗರ ಕುಣಿತ ಅಂತಲೇ ತಿಳಿದಿದ್ದೆವು. ಅದನ್ನು ಕಟ್ಟಿದವರ ಮೊದಲ ಸಾಲಿನಲ್ಲಿ ಪಾತ್ರೆ ತೊಳೆದ ಕೈಗಳಿದ್ದವು, ಆ ಕೈಗಳು ಪಿಯಾನೊ ಬಾರಿಸುತ್ತಿದ್ದವು ಎಂಬುದು ತಡವಾಗಿ ತಿಳಿಯಿತು.

ರಿಚರ್ಡ್ ಹುಟ್ಟಿದ್ದು 1932ರ ಡಿಸೆಂಬರ್ 5ರಂದು. ಮನೆಯಲ್ಲಿ ಹನ್ನೆರಡು ಮಕ್ಕಳು. ಅಪ್ಪ ಗಾರೆ ಕೆಲಸದವನು, ಚರ್ಚಿನ ಹಿರಿಯ. ಜೊತೆಗೆ ಕಳ್ಳಭಟ್ಟಿಯನ್ನೂ ಮಾರುತ್ತಿದ್ದ. ಹುಡುಗನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಅವನ ನಡಿಗೆ ನೋಡಿ ಓರಗೆಯವರು ಹೆಣ್ಣಿಗ ಎಂದು ಆಡಿಕೊಳ್ಳುತ್ತಿದ್ದರು. ಅವನ ರೀತಿ ಸೇರದೆ ಅಪ್ಪ ಮನೆಯಿಂದಲೇ ಹೊರಗೆ ಹಾಕಿದ. ಕಪ್ಪು ಜನರೊಳಗೂ ಹೊರಗಿನವನಾಗಿ ಬೆಳೆದವನು ಅವನು. ಇದನ್ನು ಮರೆತು ಅವನ ಹಾಡನ್ನು ಕೇಳಲಾಗದು.

1947ರಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಮಹಾಗಾಯಕಿ ಮೇಕನ್ನಿಗೆ ಬಂದಳು. ಕೊರಳಲ್ಲಿ ಗಿಟಾರು, ಬಾಯಲ್ಲಿ ದೇವರ ಹಾಡು, ಬಡಿತ ಮಾತ್ರ ಬೀದಿಯದು. ರಿಚರ್ಡ್ ಆ ಸಭಾಂಗಣದಲ್ಲಿ ಕೋಕಾಕೋಲಾ ಮಾರುತ್ತಿದ್ದ. ಹದಿನಾಲ್ಕರ ಹುಡುಗ ತನ್ನ ಹಾಡನ್ನೇ ಹಾಡುತ್ತಿರುವುದನ್ನು ಕೇಳಿದ ಆಕೆ ಅವನನ್ನು ವೇದಿಕೆಗೆ ಹತ್ತಿಸಿ, ಕೈಗೆ ದುಡ್ಡನ್ನೂ ಕೊಟ್ಟಳು. ಆಮೇಲೆ ಔಷಧಿ ಮಾರುವವರ ತಂಡದ ಜೊತೆ ಊರೂರು ಅಲೆದ, ಹೆಣ್ಣುವೇಷ ಹಾಕಿದ. 1951ರಲ್ಲಿ ಆರ್.ಸಿ.ಎ. ಕಂಪನಿಗೆ ಕೆಲವು ಹಾಡು ಹಾಡಿದ. ಹೆಚ್ಚು ದೂರ ಹೋಗಲಿಲ್ಲ. 1952ರಲ್ಲಿ ಅಪ್ಪ ತನ್ನ ಕುಡಿತದಂಗಡಿಯ ಹೊರಗೇ ಯಾರದೋ ಗುಂಡಿಗೆ ಸತ್ತ. ಮನೆ ತುಂಬ ಬಾಯಿಗಳು. ಆಗ ಬಂದದ್ದು ಆ ಬಸ್ ನಿಲ್ದಾಣದ ಎಂಜಲು ತಟ್ಟೆಗಳು.

ಎಸ್ಕೆರಿಟಾ ಎಂಬ ಇನ್ನೊಬ್ಬ ಕಪ್ಪು ಪಿಯಾನೊಗಾರ ರಿಚರ್ಡನಿಗೆ ಸಿಕ್ಕಿದ್ದೂ ಮೇಕನ್ನಿನ ಬಸ್ ನಿಲ್ದಾಣದಲ್ಲೇ. ಎತ್ತರಕ್ಕೆ ಕಟ್ಟಿದ ಕೂದಲು, ಪಿಯಾನೊ ಮೇಲೆ ದೊಡ್ಡ ಕೈ. ಪಿಯಾನೊವನ್ನು ಹೀಗೂ ಬಡಿಯಬಹುದು ಎಂದು ಕಲಿತದ್ದು ಅವನಿಂದ ಎಂದು ರಿಚರ್ಡನೇ ಒಪ್ಪಿದ್ದಾನೆ.

ಪಿಯಾನೊವನ್ನು ನಮ್ಮ ಓದುಗರಲ್ಲಿ ಬಹಳ ಜನ ಮುಟ್ಟಿರಲಿಕ್ಕಿಲ್ಲ. ನಾವೂ ಮುಟ್ಟಿಲ್ಲ. ನಾಟಕದ ಹಾರ್ಮೋನಿಯಮ್ಮಿನ ಹಾಗೇ ಕಪ್ಪು ಬಿಳಿ ಮನೆಗಳು; ಆದರೆ ಒಳಗೆ ಗಾಳಿಯ ಬದಲು ತಂತಿಗಳು. ಮನೆ ಒತ್ತಿದರೆ ಒಂದು ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಹೊಡೆಯುತ್ತದೆ. ಉಳ್ಳವರ ಹಜಾರಗಳಲ್ಲಿ ಅದನ್ನು ಕೂತು, ಬೆರಳ ತುದಿಯಲ್ಲಿ, ನಾಜೂಕಾಗಿ ನುಡಿಸುತ್ತಿದ್ದರು. ರಿಚರ್ಡ್ ನಿಂತು ನುಡಿಸಿದ. ಆ ಪೆಟ್ಟಿಗೆಯೊಳಗೆ ಸುತ್ತಿಗೆಗಳಿವೆ ಎಂಬುದನ್ನು ಅವನು ಒಂದು ಗಳಿಗೆಯೂ ಮರೆತ ಹಾಗೆ ಕಾಣುವುದಿಲ್ಲ. ಎಡಗೈ ಕೆಳಸ್ವರಗಳಲ್ಲಿ ರೈಲಿನ ಗಾಲಿಯಂತೆ ಸುತ್ತುತ್ತಿದ್ದರೆ, ಬಲಗೈ ಮೇಲುಸ್ವರಗಳಲ್ಲಿ ಒಂದೊಂದು ಆವರ್ತಕ್ಕೆ ಎಂಟೆಂಟು ಸಮಪೆಟ್ಟು ಬಡಿಯುತ್ತಿತ್ತು. ಅಲ್ಲಿಯವರೆಗಿನ ಕುಣಿತದ ಹಾಡುಗಳ ನಡೆ ಒಂದು ಉದ್ದ, ಒಂದು ಗಿಡ್ಡ; ತೂಗುತ್ತಾ ಹೋಗುವ ನಡೆ. ರಿಚರ್ಡನ ಬಲಗೈ ಜೊತೆ ಓಡುವುದಕ್ಕಾಗಿ ತನ್ನ ಬಡಿತವನ್ನೇ ಬದಲಿಸಿಕೊಳ್ಳಬೇಕಾಯಿತು ಎಂದು ಡ್ರಮ್ ವಾದಕ ಅರ್ಲ್ ಪಾಮರ್ ಮುಂದೆ ಹೇಳಿದ. ಇವತ್ತಿಗೂ ರಾಕ್ ಸಂಗೀತ ಓಡುತ್ತಿರುವುದು ಬಹುಪಾಲು ಆ ಸಮಪೆಟ್ಟಿನ ಮೇಲೆ.

1955ರ ಮೊದಲಲ್ಲಿ ರಿಚರ್ಡ್ ಲಾಸ್ ಏಂಜಲಿಸ್ಸಿನ ಸ್ಪೆಷಾಲ್ಟಿ ಎಂಬ ರೆಕಾರ್ಡ್ ಕಂಪನಿಗೆ ಒಂದು ಟೇಪು ಕಳಿಸಿದ. ತಿಂಗಳುಗಟ್ಟಲೆ ಉತ್ತರವಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸಿಗೆ ಕರೆಸಿದರು. ಕಂಪನಿಯ ಪರವಾಗಿ ಧ್ವನಿಮುದ್ರಣಕ್ಕೆ ಬಂದವನು ಬಂಪ್ಸ್ ಬ್ಲ್ಯಾಕ್‌ವೆಲ್, ಅವನೂ ಕಪ್ಪು ಜನದವನೇ. ಹಾಡಿಸಿ ನೋಡಿದರೆ ಯಾವುದರಲ್ಲೂ ಜೀವವಿಲ್ಲ. ಊಟದ ಹೊತ್ತಿಗೆ ಎಲ್ಲರೂ ಡ್ಯೂ ಡ್ರಾಪ್ ಇನ್ ಎಂಬ ಹೋಟೆಲಿಗೆ ಹೋದರು. ಅಲ್ಲೊಂದು ಪಿಯಾನೊ ಇತ್ತು, ಎದುರಿಗೆ ಜನ ಇದ್ದರು. ರಿಚರ್ಡ್ ನೆಗೆದು ಹೋಗಿ ತನ್ನ ಹಳೆಯ ಪೋಲಿ ಹಾಡೊಂದನ್ನು ಶುರುಮಾಡಿದ. ಅದೇ 'ಟುಟ್ಟಿ ಫ್ರುಟಿ'. ಬ್ಲ್ಯಾಕ್‌ವೆಲ್‌ಗೆ ಬೇಕಾದದ್ದು ಸಿಕ್ಕಿತು. ಆದರೆ ಆ ಮಾತುಗಳನ್ನು ರೇಡಿಯೊದಲ್ಲಿ ಹಾಕುವ ಹಾಗಿಲ್ಲ. ಡೊರೊಥಿ ಲಾಬೋಸ್ಟ್ರಿ ಎಂಬ ಹಾಡು ಬರೆಯುವ ತರುಣಿಯನ್ನು ಕರೆಸಿದರು. ಹೆಣ್ಣುಮಗಳ ಎದುರು ಆ ಪೋಲಿ ಮಾತು ಹೇಳಲು ನಾಚಿಕೆಯಾಗಿ ರಿಚರ್ಡ್ ಗೋಡೆಗೆ ಮುಖ ಮಾಡಿ ಹಾಡಿ ತೋರಿಸಿದನಂತೆ. ಆಕೆ ಹೊಸ ಮಾತು ಕೂಡಿಸಿದಳು. ಸ್ಟುಡಿಯೊ ಬಾಡಿಗೆಯ ಅವಧಿ ಮುಗಿಯಲು ಕಾಲು ಗಂಟೆ ಉಳಿದಿತ್ತು. ಆ ಕಾಲು ಗಂಟೆಯಲ್ಲಿ ಹಾಡು ಮುಗಿಯಿತು. ಅರ್ಥವಿಲ್ಲದ ಆ ಕೂಗು ಹಾಡಿನ ಹಣೆಯ ಮೇಲೇ ಕೂತಿತು.

ಆ ದಿನಗಳನ್ನು ನೆನೆಯಿರಿ. ಅದೇ ವರ್ಷದ ಆಗಸ್ಟ್ 28ರಂದು, ಅಂದರೆ ಈ ಧ್ವನಿಮುದ್ರಣಕ್ಕೆ ಮೂರು ವಾರವೂ ಹಿಂದೆ ಅಲ್ಲ, ಪಕ್ಕದ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು, ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಎಂದು ಹೇಳಿ ಕೊಂದು ಹೊಳೆಗೆ ಎಸೆದರು. ಸೆಪ್ಟೆಂಬರ್ ಮುಗಿಯುವುದರೊಳಗೆ ಬಿಳಿ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಡಿಸೆಂಬರ್ 1ಕ್ಕೆ ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟು ಏಳಲಿಲ್ಲ. ಈ ನಡುವೆ 'ಟುಟ್ಟಿ ಫ್ರುಟಿ' ಅಂಗಡಿಗಳಿಗೆ ಬಂದಿತ್ತು.

ರಿಚರ್ಡ್ ಮುಖಕ್ಕೆ ಬಣ್ಣ ಬಳಿದು, ಕಣ್ಣಿಗೆ ಕಾಡಿಗೆ ತೀಡಿ ವೇದಿಕೆ ಹತ್ತುತ್ತಿದ್ದ. ಅವನ ಆಟಕ್ಕೆ ಬಿಳಿ ಹುಡುಗಿಯರೂ ಮುಗಿಬೀಳುತ್ತಿದ್ದರು. ತಾನು ಆ ಹುಡುಗಿಯರ ಬೆನ್ನು ಹತ್ತಿದವನಲ್ಲ ಎಂದು ಬಿಳಿ ಗಂಡಸರಿಗೆ ಧೈರ್ಯ ಬರಲಿ ಎಂದೇ ಹಾಗೆ ಅಲಂಕರಿಸಿಕೊಳ್ಳುತ್ತಿದ್ದೆ ಎಂದು ಮುಂದೆ ಅವನು ವಿವರಿಸಿದ. ಅಲಂಕಾರ ಅವನಿಗೆ ಚಿಕ್ಕಂದಿನಿಂದ ಇಷ್ಟವಾದದ್ದೇ. ಆದರೂ ಟಿಲ್‌ನ ಕೊಲೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಆ ಕಾಡಿಗೆ ಬೇರೆಯೇ ಕಾಣತೊಡಗಿತು. ಅಷ್ಟಾದರೂ ಎಷ್ಟೋ ಕಡೆ ಬಿಳಿಯರು ಕೆಳಗೆ, ಕರಿಯರು ಮಾಳಿಗೆಯಲ್ಲಿ ಎಂದು ಶುರುವಾದ ಆಟ, ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ನೆಲದ ಮೇಲೆ ಕುಣಿಯುವಲ್ಲಿಗೆ ಬರುತ್ತಿತ್ತು. ಅದಕ್ಕೇ ಬಿಳಿ ಜನಾಂಗವಾದಿಗಳಿಗೆ ಈ ಸಂಗೀತ ಕಂಡರೆ ಉರಿ. 1956ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಅಂಥ ಗುಂಪಿನವರು ವೇದಿಕೆಗೇ ನುಗ್ಗಿ ನ್ಯಾಟ್ ಕಿಂಗ್ ಕೋಲ್ ಎಂಬ ಕಪ್ಪು ಗಾಯಕನನ್ನು ಕೆಡವಿದರು. ಅವನು ರಾಕ್ ಹಾಡುವವನೂ ಅಲ್ಲ, ಮೆಲುದನಿಯ ಗಾಯಕ.

ಈಗ ಲೆಕ್ಕಕ್ಕೆ ಬರೋಣ.

'ಟುಟ್ಟಿ ಫ್ರುಟಿ'ಯ ಹಕ್ಕು ಕಂಪನಿಯ ಪಾಲಾದದ್ದು 50 ಡಾಲರಿಗೆ. ಒಪ್ಪಂದದ ಪ್ರಕಾರ ಮಾರಾಟವಾದ ಒಂದೊಂದು ರೆಕಾರ್ಡಿಗೆ ರಿಚರ್ಡನಿಗೆ ಬರುವುದು ಅರ್ಧ ಸೆಂಟು. ನೂರು ಸೆಂಟಿಗೆ ಒಂದು ಡಾಲರ್. ಅಂದರೆ ಇನ್ನೂರು ರೆಕಾರ್ಡು ಮಾರಿದರೆ ಒಂದು ಡಾಲರ್, ಒಂದು ಲಕ್ಷ ಮಾರಿದರೆ ಐನೂರು. ನಮ್ಮ ಮನೆಗಳಲ್ಲಿ ಸಹಿ ಹಾಕಲು ಕಲಿತವರಲ್ಲಿ ನಾವೇ ಮೊದಲಿಗರು. ಹೆಬ್ಬೆಟ್ಟು ಒತ್ತಿದ ಕಾಗದ ಏನೇನು ಮಾಡಬಲ್ಲದು ಎಂದು ಅಜ್ಜಂದಿರ ಬಾಯಿಂದ ಕೇಳಿದ್ದೇವೆ. ರಿಚರ್ಡ್ ಹೆಬ್ಬೆಟ್ಟಿನವನಲ್ಲ. ತನ್ನ ಕೈಯಾರೆ ಸಹಿ ಹಾಕಿದ. ಸಹಿ ಹಾಕಿಯೂ ಅದೇ ಗತಿ.

ಇನ್ನು ಕಾನೂನು. ಅಮೆರಿಕದ 1909ರ ಕಾಯಿದೆಯಂತೆ, ಒಂದು ಹಾಡು ಒಮ್ಮೆ ರೆಕಾರ್ಡಾದ ಮೇಲೆ ಯಾರು ಬೇಕಾದರೂ ಅದನ್ನು ಮತ್ತೆ ಹಾಡಿ ಮಾರಬಹುದು. ಪ್ರತಿಯೊಂದಕ್ಕೆ ಎರಡು ಸೆಂಟಿನಂತೆ ಹಾಡಿನ ಒಡೆಯನಿಗೆ ಕಟ್ಟಿದರೆ ಸಾಕು. ಒಡೆಯನೆಂದರೆ ಹಕ್ಕುಪತ್ರ ಕೈಲಿರುವವನು. ಮೊದಲು ಹಾಡಿದವನ ದನಿಗೆ, ಅವನು ಕಟ್ಟಿದ ಬಡಿತಕ್ಕೆ, ಅವನ ಕೂಗಿಗೆ ಏನೂ ಇಲ್ಲ. 1956ರಲ್ಲಿ ಪ್ಯಾಟ್ ಬೂನ್ ಎಂಬ ಬಿಳಿ ಗಾಯಕ ಇದೇ ಹಾಡನ್ನು ತಣ್ಣಗೆ, ಇಸ್ತ್ರಿ ಹಾಕಿದ ಅಂಗಿಯ ಹಾಗೆ ಹಾಡಿದ. ಪಾಪ್ ಪಟ್ಟಿಯಲ್ಲಿ ಅವನದು ರಿಚರ್ಡನಿಗಿಂತ ಮೇಲೆ ಹೋಯಿತು. ಹಾಡಿನ ಪಟ್ಟಿಗಳಲ್ಲೂ ಆಗ ಎರಡು ಕೇರಿ: ಬಿಳಿಯರದು ಪಾಪ್, ಕರಿಯರದು ರಿದಮ್ ಅಂಡ್ ಬ್ಲೂಸ್. 1949ರವರೆಗೆ ಈ ಎರಡನೆಯದರ ಹೆಸರೇ 'ಜನಾಂಗದ ರೆಕಾರ್ಡುಗಳು' ಎಂದಿತ್ತು. ಬೂನನನ್ನು ಕಳ್ಳ ಎನ್ನಲಾಗುವುದಿಲ್ಲ, ಕಾಯಿದೆಯಂತೆ ನಡೆದ. ಬಿಳಿ ಮಕ್ಕಳು ಬೂನನ ರೆಕಾರ್ಡನ್ನು ಎಲ್ಲರಿಗೂ ಕಾಣುವಂತೆ ಮೇಲಿಟ್ಟು ತನ್ನದನ್ನು ಡ್ರಾಯರಿನೊಳಗೆ ಬಚ್ಚಿಡುತ್ತಿದ್ದರು, ಆದರೂ ಎರಡೂ ಒಂದೇ ಮನೆಯೊಳಗಿದ್ದವು ಎಂದು ರಿಚರ್ಡ್ ನಗುತ್ತಾ ಹೇಳುತ್ತಿದ್ದ.

ಮುಂದಿನ ಹಾಡು 'ಲಾಂಗ್ ಟಾಲ್ ಸ್ಯಾಲಿ'. ಬೂನನ ನಾಲಿಗೆ ಹೊರಳಬಾರದು ಎಂದೇ ಅದರ ವೇಗ ಹೆಚ್ಚಿಸಿದರಂತೆ. ಬೂನ್ ಅದನ್ನೂ ಹಾಡಿದ. ಆದರೆ ಈ ಸಲ ಪಾಪ್ ಪಟ್ಟಿಯಲ್ಲಿ ರಿಚರ್ಡ್ 6, ಬೂನ್ 8. ಈ ಎರಡು ಸ್ಥಾನದ ಗೆಲುವು ಸಣ್ಣದೆಂದು ನಮಗೆ ಅನ್ನಿಸುವುದಿಲ್ಲ.

1957ರ ಅಕ್ಟೋಬರಿನಲ್ಲಿ, ಇನ್ನೂ ಇಪ್ಪತ್ತೈದು ತುಂಬದ ರಿಚರ್ಡ್, ಆಸ್ಟ್ರೇಲಿಯಾ ಪ್ರವಾಸದ ನಡುವೆ ಎಲ್ಲವನ್ನೂ ಬಿಟ್ಟ. ರಷ್ಯಾದವರು ಆಗಷ್ಟೇ ಸ್ಪುಟ್ನಿಕ್ ಹಾರಿಸಿದ್ದರು. ಆಕಾಶದಲ್ಲಿ ಕಂಡ ಬೆಂಕಿಯ ಚೆಂಡು ದೇವರ ಎಚ್ಚರಿಕೆ ಎಂದುಕೊಂಡ. ಬೆರಳಿನ ಉಂಗುರವನ್ನು ನೀರಿಗೆ ಎಸೆದ. ಅಲಬಾಮಾದ ಹಂಟ್ಸ್‌ವಿಲ್‌ನ ಓಕ್‌ವುಡ್ ಕಾಲೇಜಿಗೆ ಧರ್ಮಶಾಸ್ತ್ರ ಓದಲು ಸೇರಿದ. ಕಂಪನಿ ಮಾತ್ರ ಡಬ್ಬಿಯಲ್ಲಿದ್ದ ಹಾಡುಗಳನ್ನು ತೆಗೆತೆಗೆದು ಮಾರುತ್ತಲೇ ಇತ್ತು. ಆ ದಶಕ ಮುಗಿಯುವ ಹೊತ್ತಿಗೆ ರಾಯಲ್ಟಿಯ ಹಕ್ಕೂ ಅವನ ಕೈ ಬಿಟ್ಟಿತ್ತು. ಇಲ್ಲಿ ನಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ಯಾವ ದನಿ ಸಾವಿರಾರು ಜನರನ್ನು ಮಾಳಿಗೆಯಿಂದ ಕೆಳಗಿಳಿಸಿತ್ತೋ ಆ ದನಿಯನ್ನೇ ಪಾಪ ಎಂದುಕೊಂಡ. ತಾನು ಗಂಡಸರನ್ನು ಪ್ರೀತಿಸುವವನು ಎಂಬುದನ್ನೂ ಪಾಪ ಎಂದೇ ತಿಳಿದ. ಒಮ್ಮೆ ಧೈರ್ಯವಾಗಿ ಒಪ್ಪಿಕೊಳ್ಳುವುದು, ಇನ್ನೊಮ್ಮೆ ಶಪಿಸುವುದು, ಬದುಕಿನುದ್ದಕ್ಕೂ ಇದೇ ಆಯಿತು. ಅಪ್ಪ ಹೊರಗೆ ಹಾಕಿದ ಆ ಹುಡುಗನನ್ನು ಅವನೂ ಒಳಕ್ಕೆ ಕರೆದುಕೊಳ್ಳಲಿಲ್ಲ.

1962ರಲ್ಲಿ ಇಂಗ್ಲೆಂಡಿಗೆ ಹೋದ. ದೇವರ ಹಾಡು ಹಾಡುತ್ತೇನೆಂದು ಹೋದವನು ಜನರ ಕೇಕೆ ಕೇಳಿ ಮತ್ತೆ ಪಿಯಾನೊ ಬಡಿದ. ಆಗ ಅವನ ಆಟಕ್ಕೆ ಮುಂಚೆ ಹಾಡುತ್ತಿದ್ದ ಲಿವರ್‌ಪೂಲಿನ ನಾಲ್ವರು ಹುಡುಗರ ತಂಡವೇ ಬೀಟಲ್ಸ್. ಆ ಏರುದನಿಯ ಕೇಕೆಯನ್ನು ಪಾಲ್ ಮೆಕಾರ್ಟ್ನಿ ಕಲಿತದ್ದು ಇವನಿಂದ. 1964ರಲ್ಲಿ ಅವರೂ 'ಲಾಂಗ್ ಟಾಲ್ ಸ್ಯಾಲಿ' ಹಾಡಿದರು. ಅವರು ಋಣವನ್ನು ಬಾಯಿಬಿಟ್ಟು ಹೇಳಿದರು, ಅದು ಅವರ ದೊಡ್ಡತನ.

ಲೆಕ್ಕ ಕೇಳುವಾಗ ನಮ್ಮವನ ಲೆಕ್ಕವನ್ನೂ ಕೇಳಬೇಕು. 1964-65ರಲ್ಲಿ ರಿಚರ್ಡನ ತಂಡದಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರು ನುಡಿಸುತ್ತಿದ್ದ. ವಾರಗಟ್ಟಲೆ ಸಂಬಳ ಕೊಡಲಿಲ್ಲ ಎಂಬುದು ಹೆಂಡ್ರಿಕ್ಸನ ದೂರು. ಬಲಗೈ ತಿದ್ದಿದ ಎಸ್ಕೆರಿಟಾನ ಹೆಸರು ಇವತ್ತು ಕೆಲವರಿಗಷ್ಟೇ ಗೊತ್ತು. ಮೊದಲ ವೇದಿಕೆ ಕೊಟ್ಟ ರೊಸೆಟ್ಟಾ ಥಾರ್ಪ್ 1973ರಲ್ಲಿ ತೀರಿಕೊಂಡಾಗ ಗೋರಿಗೊಂದು ಹೆಸರಿನ ಕಲ್ಲೂ ಇರಲಿಲ್ಲ. ಅದು ಬಂದದ್ದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ.

ನಂತರದ ವರ್ಷಗಳ ರೆಕಾರ್ಡುಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಮಾದಕದ ಚಟ ಹತ್ತಿತು, 1977ರಲ್ಲಿ ತಮ್ಮ ತೀರಿಕೊಂಡ, ಮತ್ತೆ ಚರ್ಚಿಗೆ ಹೋದ. 1984ರಲ್ಲಿ ಮಾತ್ರ ಅವನು ಕೋರ್ಟಿನ ಮೆಟ್ಟಿಲು ಹತ್ತಿದ. ಸ್ಪೆಷಾಲ್ಟಿ ಕಂಪನಿ, ಹಾಡಿನ ಹಕ್ಕು ಹಿಡಿದಿದ್ದ ಅದರ ಪ್ರಕಾಶನ ಸಂಸ್ಥೆ, ಆ ಹಕ್ಕನ್ನು ಕೊಂಡಿದ್ದ ಎ.ಟಿ.ವಿ. ಎಂಬ ಸಂಸ್ಥೆ, ಇವರ ಮೇಲೆ 11.2 ಕೋಟಿ ಡಾಲರಿನ ದಾವೆ. ಕೇಸು ನಡೆಯುತ್ತಿರುವಾಗಲೇ, 1985ರಲ್ಲಿ, ಎ.ಟಿ.ವಿ.ಯ ಹಾಡಿನ ಭಂಡಾರವನ್ನು ಮೈಕೆಲ್ ಜಾಕ್ಸನ್ ಕೊಂಡ. 1986ರಲ್ಲಿ ದಾವೆ ಕೋರ್ಟಿನ ಹೊರಗೆ ರಾಜಿಯಾಯಿತು. ಅದೇ ವರ್ಷ ರಾಕ್ ಅಂಡ್ ರೋಲ್ ಕೀರ್ತಿಶಾಲೆಯ ಮೊದಲ ಪಟ್ಟಿಯಲ್ಲಿ ಅವನ ಹೆಸರು ಸೇರಿತು.

1988ರ ಗ್ರ್ಯಾಮಿ ಸಮಾರಂಭ. ವರ್ಷದ ಹೊಸ ಕಲಾವಿದನ ಹೆಸರು ಓದಲು ರಿಚರ್ಡನನ್ನು ವೇದಿಕೆಗೆ ಕರೆದಿದ್ದರು. ಲಕೋಟೆ ಬಿಡಿಸಿ, ಗೆದ್ದವನು ನಾನೇ ಎಂದುಬಿಟ್ಟ. ಸಭೆ ನಕ್ಕಿತು. ನೀವು ನನಗೆ ಇಷ್ಟು ವರ್ಷ ಒಂದು ಗ್ರ್ಯಾಮಿಯನ್ನೂ ಕೊಡಲಿಲ್ಲ, ನಾನು ಹಾಡುತ್ತಲೇ ಬಂದಿದ್ದೇನೆ ಎಂದ. ಆಗಲೂ ನಕ್ಕರು, ಆದರೆ ಎದ್ದು ನಿಂತು ಚಪ್ಪಾಳೆಯನ್ನೂ ತಟ್ಟಿದರು. ಐದು ವರ್ಷ ಬಿಟ್ಟು, 1993ರಲ್ಲಿ, ಜೀವಮಾನ ಸಾಧನೆಯ ಗ್ರ್ಯಾಮಿ ಕೊಟ್ಟರು.

2020ರ ಮೇ 9ರಂದು ಟೆನೆಸಿಯಲ್ಲಿ ರಿಚರ್ಡ್ ತೀರಿಕೊಂಡ. ಮೂಳೆಯ ಕ್ಯಾನ್ಸರ್, ಎಂಬತ್ತೇಳು ವರ್ಷ. ಹೂಳಿದ್ದು ಹಂಟ್ಸ್‌ವಿಲ್‌ನಲ್ಲಿ, ಹಾಡು ಬಿಟ್ಟು ಧರ್ಮಶಾಸ್ತ್ರ ಓದಲು ಹೋಗಿದ್ದ ಊರಿನಲ್ಲೇ. ಮೇಕನ್ನಿನಲ್ಲಿ ಅವನು ಬೆಳೆದ ಸಣ್ಣ ಮನೆ ಹೆದ್ದಾರಿ ಅಗಲ ಮಾಡುವ ದಾರಿಗೆ ಅಡ್ಡ ಬಂದಿತ್ತು. ಅವನು ಬದುಕಿದ್ದಾಗಲೇ ಆ ಮನೆಯನ್ನು ಇಡಿಯಾಗಿ ಎತ್ತಿ, ಅದೇ ಕೇರಿಯ ಇನ್ನೊಂದು ಜಾಗದಲ್ಲಿ ಇಳಿಸಿ, ಅಲ್ಲಿಯ ಜನರ ಸಮುದಾಯ ಕೇಂದ್ರ ಮಾಡಿದರು.