ದುಡಿದ ಮೈಗೂ ಬೇಕು ಅಳೆದ ನಡಿಗೆ

"ದಿನಾ ಹೊಲ್ದಾಗ ದುಡೀತೀನ್ರಿ ಡಾಕ್ಟ್ರ, ಮತ್ಯಾಕ ವಾಕಿಂಗು?" ಸಕ್ಕರೆ ಕಾಯಿಲೆ ಪತ್ತೆಯಾದ, ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ಕೇಳುವ ಮಾತಿದು. ನ್ಯಾಯವಾದ ಮಾತು. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕಾದವರು ವ್ಯಾಯಾಮ ಶರೀರಕ್ರಿಯಾ ತಜ್ಞರು, ಅಂದರೆ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್‌ಗಳು. ಆದರೆ ಈ ಹೆಸರಿನ ಹುದ್ದೆ ನಮ್ಮ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಣುವುದು ಅಪರೂಪ.

ವ್ಯಾಯಾಮವನ್ನು ಅಳೆದು ಕೊಡುವ ವಿಚಾರ ಹೊಸದಲ್ಲ. ಮೈಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಹಣೆ, ಮೂಗಿನ ಮೇಲೆ ಬೆವರೊಡೆದು ಬಾಯಿಂದ ಉಸಿರಾಡತೊಡಗಿದರೆ ಅದೇ ಅರ್ಧಬಲದ ಗುರುತು. ಪ್ರಮೇಹದ, ಅಂದರೆ ಸಕ್ಕರೆ ಕಾಯಿಲೆಯಂಥ ರೋಗವಿದ್ದವರಿಗೆ ದೂರದ ನಡಿಗೆ, ಬಾವಿ ತೋಡುವ ಕೆಲಸವನ್ನೂ ಅದು ಹೇಳಿದೆ. ವ್ಯಾಯಾಮಕ್ಕೂ ಔಷಧದಂತೆ ಪ್ರಮಾಣ ಬೇಕು ಎಂಬ ತಿಳಿವು ಅಲ್ಲೇ ಇತ್ತು. ಗರಡಿಮನೆಗಳಲ್ಲಿ ಉಸ್ತಾದರು ಹುಡುಗನ ಮೈ ನೋಡಿ ಸಾಮು ಹೇಳಿಕೊಟ್ಟರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಊರೂರು ತಿರುಗಿ ಯೋಗ, ವ್ಯಾಯಾಮ ಕಲಿಸಿದರು. ಅಳೆದು ನೋಡುವ ಉಪಕರಣ ಮಾತ್ರ ಇನ್ನೂ ಬಂದಿರಲಿಲ್ಲ.

ಅಳತೆ ಬಂದದ್ದು ಯುರೋಪ್, ಅಮೆರಿಕದ ಪ್ರಯೋಗಾಲಯಗಳಿಂದ. ಸ್ನಾಯುಗಳಿಗೆ ರಕ್ತ ಹರಿಯುವ ಬಗೆ ತೋರಿಸಿದ ಆಗಸ್ಟ್ ಕ್ರೋಗ್‌ಗೆ 1920ರ ನೊಬೆಲ್ ಬಂತು, ಸ್ನಾಯುವಿನ ಶಾಖ ಅಳೆದ ಎ.ವಿ. ಹಿಲ್‌ಗೆ 1922ರದ್ದು. ಹಾರ್ವರ್ಡ್‌ನಲ್ಲಿ 1927ರಿಂದ 1947ರವರೆಗೆ ಆಯಾಸವನ್ನೇ ಅಭ್ಯಸಿಸುವ ಪ್ರಯೋಗಾಲಯ ನಡೆಯಿತು. ಅಲ್ಲಿ ಪರೀಕ್ಷೆಗೆ ನಿಂತವರು ಹೆಚ್ಚಾಗಿ ಗಟ್ಟಿಮುಟ್ಟಾದವರು. ಅದೇ ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥವರನ್ನು ಕುರ್ಚಿಯ ಮೇಲೆ ಕೂರಿಸಿದ್ದೇ ದೊಡ್ಡ ಧೈರ್ಯ. ಮರುವರ್ಷ ಜೆರ್ರಿ ಮಾರಿಸ್ ಲಂಡನ್ ಬಸ್ಸುಗಳ ಲೆಕ್ಕ ಮುಂದಿಟ್ಟರು: ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ ಕೂತೇ ಇರುವ ಡ್ರೈವರಿಗೆ ಹೃದ್ರೋಗ ಹೆಚ್ಚು.

ನನ್ನನ್ನು ಬಹುಕಾಲ ಕಾಡಿದ್ದು 1966ರ ಡಲ್ಲಾಸ್ ಪ್ರಯೋಗ. ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿದರು. ಎದ್ದಾಗ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷದ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂರು ದಶಕದ ವಯಸ್ಸು ಮಾಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಹಾನಿ ಮಾಡಿತ್ತು! ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ "ಏಳಬ್ಯಾಡ, ಮಲ್ಕೋ" ಎನ್ನುವ ನಮ್ಮ ಅಕ್ಕರೆಯನ್ನು ಇದು ಮತ್ತೆ ಯೋಚಿಸುವಂತೆ ಮಾಡುತ್ತದೆ.

ಮುಂದೆ ಟ್ರೆಡ್‌ಮಿಲ್ ಪರೀಕ್ಷೆ ಆಸ್ಪತ್ರೆಗಳಿಗೆ ಬಂತು. ಆಸ್ಟ್ರೇಲಿಯಾ 2006ರಲ್ಲಿ ವ್ಯಾಯಾಮ ಶರೀರಕ್ರಿಯಾ ತಜ್ಞರ ಸೇವೆಯನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿತು. ಅದೇ ವರ್ಷ ಭಾರತದ ಮಧುಮೇಹ ತಡೆ ಅಧ್ಯಯನವೂ ಪ್ರಕಟವಾಯಿತು: ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ಆಹಾರ ಮತ್ತು ನಡಿಗೆ ತಿದ್ದಿಕೊಂಡಾಗ ಅಪಾಯ ಶೇ 28ರಷ್ಟು ತಗ್ಗಿತ್ತು. 2023ರ ಐಸಿಎಂಆರ್ ಅಂದಾಜಿನಲ್ಲಿ ದೇಶದ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ.

ಈಗ ರೈತನ ಪ್ರಶ್ನೆಗೆ ಬರೋಣ. ಬೆವರು ಸುರಿಸುವ ದುಡಿಮೆಯೆಲ್ಲ ವ್ಯಾಯಾಮವಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಬಿಡುವು ಅವನ ಕೈಯಲ್ಲಿಲ್ಲ. ಒಣಬೇಸಾಯದ ಹೊಲದಲ್ಲಿ ಕೆಲಸವೆಲ್ಲ ಕೆಲವೇ ವಾರಗಳಲ್ಲಿ ಒತ್ತಿಕೊಂಡು ಬರುತ್ತದೆ. ಹಿಂಗಾರಿ ರಾಶಿ ಮುಗಿದ ಮೇಲೆ ಕಟ್ಟೆಯೇ ಗತಿ, ಹೊಲಕ್ಕೆ ಹೋಗಲೂ ಬೈಕು. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ, ನಿಜ. ಆದರೆ ಅದರ ಫಲ ಒಂದೆರಡು ದಿನವಷ್ಟೆ ನಿಲ್ಲುತ್ತದೆ. ಸುಗ್ಗಿಯ ಬೆವರು ಬೇಸಿಗೆಗೆ ಉಳಿಯುವುದಿಲ್ಲ.

ಗಂಗಾವತಿ ಬಳಿಯ ಅಂಜನಾದ್ರಿ ಬೆಟ್ಟವನ್ನೇ ನೋಡಿ. 575 ಮೆಟ್ಟಿಲು. ಉಪವಾಸವಿದ್ದು ಹತ್ತುವ ಭಕ್ತರಲ್ಲಿ ಮಧುಮೇಹಿಗಳೂ ಇರುತ್ತಾರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿ, ಏನೂ ತಿನ್ನದೆ ಹತ್ತಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಾಡಿಬಡಿತ ತಗ್ಗಿಸುವ ಬಿಪಿ ಮಾತ್ರೆ ತಿನ್ನುವವರಿಗೆ ನಾಡಿ ಎಣಿಕೆ ಮೋಸ ಮಾಡುತ್ತದೆ. ಅವರು "ದಮ್ಮು ಹತ್ತೈತಿ" ಎನ್ನುವ ಸ್ವಂತ ಅಂದಾಜನ್ನೇ ನಂಬಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅದು ಹದ. ಯಾರು ಹತ್ತಬಹುದು, ಎಲ್ಲಿ ಕೂರಬೇಕು ಎಂದು ಮೊದಲೇ ಹೇಳುವುದು ಈ ತಜ್ಞರ ಕೆಲಸ. ಫಿಸಿಯೋಥೆರಪಿಸ್ಟರದ್ದು ಮುಖ್ಯವಾಗಿ ನೋವು, ಪೆಟ್ಟು, ಪಾರ್ಶ್ವವಾಯುವಿನ ಚಿಕಿತ್ಸೆ. ಸದ್ಯ ನಮ್ಮಲ್ಲಿ ಎರಡೂ ಹೊರೆ ಅವರ ಹೆಗಲಿಗೇ ಬೀಳುತ್ತದೆ. ಸಹಾಯಕ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ರಾಷ್ಟ್ರೀಯ ಕಾಯ್ದೆ ಬಂದಿದೆ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೂ ಇದೆ. ಒಂದು ಹುದ್ದೆಯಿಂದಾದರೂ ಶುರುವಾಗಲಿ ಎಂದು ಕೇಳುವುದು ಅತಿಯಾಸೆಯಲ್ಲ.

ದುಬಾರಿ ಯಂತ್ರವೂ ಬೇಡ. ಆಸ್ಪತ್ರೆಯ ಪಡಸಾಲೆಯಲ್ಲಿ 30 ಮೀಟರ್ ಅಳೆದು ಎರಡು ಕುರ್ಚಿ ಇಟ್ಟರೆ ಆರು ನಿಮಿಷದ ನಡಿಗೆ ಪರೀಕ್ಷೆ ಸಿದ್ಧ. ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಸೊಂಟ, ಮೊಣಕಾಲು ಬಿಗಿದವರಿಗೆ ಅದೂ ಕಷ್ಟ. ಅಂಥ ತಾಯಿಯನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಬಹುದು. ಆರು ಸಲ ಎಂದರೆ ಆರು ಎಂದು ಚೀಟಿಯಲ್ಲಿ ಬರೆದು, ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಏಳಬೇಕೆಂದು ಹೇಳಿ ಕಳಿಸಿ, ಮುಂದಿನ ತಿಂಗಳು ಮತ್ತೆ ಎಣಿಸಬಹುದು.