ನೀರೊಳಗಿನ ಗಿಡಕ್ಕೆ ಬೆಳಕಿನ ಅಳತೆ

ಅಕ್ವೇರಿಯಂನಲ್ಲಿ ಗಿಡ ಬೆಳೆಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ದೀಪಗಳ ಚರಿತ್ರೆಯಾಗಿಯೇ ಹೇಳಲಾಗುತ್ತದೆ. ಆದರೆ ದೀಪವನ್ನು ಪ್ರಖರಗೊಳಿಸಿದ ವರ್ಷಗಳಿಗಿಂತ ಅದನ್ನು ಹದಗೊಳಿಸಲು ಕಲಿತ ವರ್ಷಗಳೇ ಈ ಕ್ಷೇತ್ರಕ್ಕೆ ಹೆಚ್ಚಿನ ತಿಳಿವಳಿಕೆಯನ್ನು ಕೊಟ್ಟಿವೆ.

ನೀರಿನಲ್ಲಿ ಮುಳುಗಿಸಿದ ಹಸಿರೆಲೆಗಳು ಬಿಸಿಲಿನಲ್ಲಿ ಮಾತ್ರ ಅನಿಲದ ಗುಳ್ಳೆಗಳನ್ನು ಬಿಡುತ್ತವೆ ಎಂಬುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲಿ ಪ್ರಕಟಿಸಿದ ಮೇಲೆ, ಗುಳ್ಳೆಗಳ ಎಣಿಕೆಯು ದ್ಯುತಿಸಂಶ್ಲೇಷಣೆಯನ್ನು, ಎಂದರೆ ಬೆಳಕಿನ ಬಲದಿಂದ ಗಿಡ ತನ್ನ ಆಹಾರವನ್ನು ತಯಾರಿಸುವ ಕ್ರಿಯೆಯನ್ನು, ಅಳೆಯುವ ಸುಲಭ ಸಾಧನವಾಯಿತು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡವನ್ನೇ ಆರಿಸಿಕೊಂಡು, ಅದು ಬಿಡುವ ಅನಿಲವನ್ನು ತಾನಾಗಿಯೇ ದಾಖಲಿಸುವ ಯಂತ್ರವೊಂದನ್ನು ರೂಪಿಸಿ, ಆ ಪ್ರಯೋಗಗಳನ್ನು 1924ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇವೆರಡರ ನಡುವೆ, 1905ರಲ್ಲಿ, ಎಫ್. ಎಫ್. ಬ್ಲ್ಯಾಕ್‌ಮನ್ ಮಂಡಿಸಿದ ಮಿತಿಕಾರಕ ಅಂಶದ ತತ್ತ್ವವು ಮುಂದಿನ ಎಲ್ಲ ಚರ್ಚೆಗೂ ತಳಹದಿಯಾಯಿತು: ಬೆಳಕು, ಇಂಗಾಲದ ಡೈಆಕ್ಸೈಡ್, ಉಷ್ಣತೆ ಇವುಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದೇ ಬೆಳವಣಿಗೆಯ ವೇಗವನ್ನು ನಿರ್ಧರಿಸುವುದರಿಂದ, ಉಳಿದವನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಈ ಮಾತು ಜಲಸಸ್ಯಗಳಿಗೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.

ಪ್ರಯೋಗಾಲಯದ ಈ ಅರಿವು ಹವ್ಯಾಸಿಗಳನ್ನು ತಲುಪಲು ಬಹುಕಾಲ ಬೇಕಾಯಿತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಬಸವನಹುಳು ಮತ್ತು ವ್ಯಾಲಿಸ್ನೇರಿಯಾ ಗಿಡಗಳು ಪರಸ್ಪರ ಆಧರಿಸಿ ಬದುಕುವ ತೊಟ್ಟಿಯನ್ನು 1850ರಲ್ಲಿ ವರದಿ ಮಾಡಿದಾಗ ಇದ್ದ ಬೆಳಕು ಕಿಟಕಿಯದು. ಪಕ್ಕದಿಂದ ನುಗ್ಗುವ ಬಿಸಿಲು ಪಾಚಿಯನ್ನು ಬೆಳೆಸುತ್ತಿದ್ದುದೇ ಅಂದಿನವರ ದೊಡ್ಡ ತೊಡಕು. ಟ್ಯೂಬ್‌ಲೈಟ್ ಬಂದು ಕಿಟಕಿಯ ಹಂಗು ತಪ್ಪಿದ ಬಳಿಕ ನೆದರ್ಲೆಂಡ್ಸ್‌ನಲ್ಲಿ ಹೂದೋಟದಂತೆ ಸಾಲುಸಾಲಾಗಿ ಗಿಡ ನೆಡುವ ಶೈಲಿಯು ಬೆಳೆಯಿತು. ಜಪಾನಿನ ತಕಾಶಿ ಅಮಾನೊ 1982ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿ, ಪ್ರಖರ ದೀಪದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಹಾಯಿಸಿ, ತಳವನ್ನು ಹುಲ್ಲುಹಾಸಿನಂತೆ ಮುಚ್ಚುವ ಗಿಡಗಳನ್ನು ಜನಪ್ರಿಯಗೊಳಿಸಿದರು. ಇದರಿಂದ ಅನೇಕರು ಕಲಿತದ್ದು ದೀಪವನ್ನು ಮಾತ್ರ. ಅನಿಲ ಮತ್ತು ಗೊಬ್ಬರ ಸಾಲದ ತೊಟ್ಟಿಗೆ ಬೆಳಕು ಸುರಿದರೆ ಗಿಡದ ಹಸಿವು ಏರುತ್ತದೆಯೇ ಹೊರತು ಊಟ ಸಿಗದು. ಗಿಡ ಹೀಗೆ ಸೊರಗುವುದನ್ನು ಪಾಚಿ ಬಳಸಿಕೊಳ್ಳುತ್ತದೆ.

ಅಳತೆಯ ಗೊಂದಲವೂ ಕಡಿಮೆಯದಲ್ಲ. ಲೀಟರಿಗೆ ಇಂತಿಷ್ಟು ವಾಟ್ ಎಂಬ ಟ್ಯೂಬ್‌ಲೈಟ್ ಕಾಲದ ಸೂತ್ರವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಗುವ ಎಲ್‌ಇಡಿ ಬಂದೊಡನೆ ಅರ್ಥ ಕಳೆದುಕೊಂಡಿತು. ಲಕ್ಸ್ ಎಂಬ ಮಾನವಾದರೋ ಮನುಷ್ಯನ ಕಣ್ಣಿಗೆ ಹೊಂದಿದ್ದು. ಗಿಡಕ್ಕೆ ಒದಗುವುದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಾದ್ದರಿಂದ, ಆ ವ್ಯಾಪ್ತಿಯಲ್ಲಿ ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳನ್ನು ಮೈಕ್ರೋಮೋಲ್‌ಗಳಲ್ಲಿ ಎಣಿಸುವ ಪಾರ್ ಮಾನವೇ ಈಗ ರೂಢಿಯಲ್ಲಿದೆ. ಈ ಲೆಕ್ಕದಲ್ಲಿ ನಡುಹಗಲಿನ ಬಿಸಿಲು ಸುಮಾರು 2,000. ಮಂದ ಬೆಳಕಿನ ತೊಟ್ಟಿಯ ತಳದಲ್ಲಿ 20–40, ಪ್ರಖರವೆನಿಸುವಲ್ಲಿ 100ರ ಆಸುಪಾಸು. ಕಡಿಮೆ ಬೆಳಕಿನಲ್ಲಿ ಕಾಂಡದ ಗೆಣ್ಣುಗಳು ದೂರ ಸರಿದು ಗಿಡ ಸೊರಗಿ ಉದ್ದವಾಗುತ್ತದೆ, ಹೆಚ್ಚಿನಲ್ಲಿ ಗೆಣ್ಣುಗಳು ಒತ್ತಾಗಿ ಗಿಡ ಗಿಡ್ಡವಾಗುತ್ತದೆ. ಕೆಲವು ಜಾತಿಗಳಲ್ಲಿ ಅತಿಬೆಳಕಿನಿಂದ ರಕ್ಷಿಸುವ ಆಂಥೊಸಯನಿನ್ ಎಂಬ ಕೆಂಪು ವರ್ಣದ್ರವ್ಯ ಮೂಡುತ್ತದೆ.

ಈ ಅಂಕಿಗಳಿಗೆ ನೆಲದ ಅರ್ಥ ಬರುವುದು ಗಿಡಗಳ ತವರಿನಲ್ಲಿ. ಸುಳ್ಯ ಮತ್ತು ಸಂಪಾಜೆಯ ನಡುವಿನ ಅರಂತೋಡಿನಂಥ ಊರಿನಲ್ಲಿ ಕಾಡಿನ ತೋಡು, ಅಡಿಕೆ ತೋಟ, ಬಯಲು ಗದ್ದೆ ಎಲ್ಲದರ ನೀರೂ ಕೊನೆಗೆ ಪಯಸ್ವಿನಿ ನದಿಗೆ ಇಳಿಯುತ್ತದೆಯಾದರೂ ಅವುಗಳ ಬೆಳಕು ಬೇರೆ ಬೇರೆ. ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ಬಿಸಿಲಿನ ಶೇಕಡಾ ಒಂದೆರಡು ಪಾಲು ಮಾತ್ರ ಇಳಿಯುವುದರಿಂದ ಅಲ್ಲಿಯ ಬೆಳಕು 20–40 ಮೈಕ್ರೋಮೋಲ್ ಆಗುತ್ತದೆ, ಎಂದರೆ ಮಂದ ತೊಟ್ಟಿಯಷ್ಟೇ. ಪಶ್ಚಿಮ ಘಟ್ಟದ ನೆರಳಿನ ತೊರೆಗಳ ಲ್ಯಾಜೆನಾಂಡ್ರ ಜಾತಿಗಳು ಅಕ್ವೇರಿಯಂನ ಕಡಿಮೆ ಬೆಳಕಿನಲ್ಲೂ ನೆಮ್ಮದಿಯಾಗಿ ನಿಲ್ಲುವುದಕ್ಕೆ ಇದೇ ಕಾರಣ. ಇದಕ್ಕೆ ತದ್ವಿರುದ್ಧವಾಗಿ ಗದ್ದೆ, ಜೌಗುಗಳ ತೆರೆದ ಬಿಸಿಲಿನ ಕುಲವಾದ ರೊಟಾಲಕ್ಕೆ, ಅದರಲ್ಲೂ ದಕ್ಷಿಣ ಭಾರತದ್ದೇ ಆದ ರೊಟಾಲ ಮ್ಯಾಕ್ರಾಂಡ್ರಕ್ಕೆ, ಕೆಂಪೇರಲು ಬಲವಾದ ದೀಪವೇ ಬೇಕು.

ಇವೆರಡರ ನಡುವಿನದು ಅಡಿಕೆ ತೋಟದ ಬೆಳಕು. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಅಧ್ಯಯನಗಳ ಪ್ರಕಾರ ಅಡಿಕೆಯ ಸೋಗೆಗಳ ಕೆಳಗೆ ಹೊತ್ತಿಗನುಗುಣವಾಗಿ ಬಿಸಿಲಿನ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧಕ್ಕೆ ತುಸು ಕಡಿಮೆಯವರೆಗೆ ಇಳಿಯುತ್ತದೆ, ಕೊಕ್ಕೊ ಮತ್ತು ಕಾಳುಮೆಣಸು ಅದರಲ್ಲೇ ಬೆಳೆಯುತ್ತವೆ. ತೊಟ್ಟಿಯಲ್ಲೂ ಅದೇ ಏರ್ಪಾಟು ಸಾಧ್ಯ: ರೊಟಾಲದ ಪೊದೆಯನ್ನು ದೀಪದ ನೇರ ಕೆಳಗೆ ನೆಟ್ಟು, ಅದರ ನೆರಳಿಗೆ ಲ್ಯಾಜೆನಾಂಡ್ರವನ್ನು ಇರಿಸಿ, ಪೊದೆ ಮಿತಿಮೀರಿದಾಗ ತುದಿ ಕತ್ತರಿಸಿದರೆ, ಒಂದೇ ದೀಪದಡಿಯಲ್ಲಿ ಎರಡು ಬಗೆಯ ಬೆಳಕು ಸಿಗುತ್ತದೆ.